ಪಕ್ಕಕ್ಕಿಟ್ಟ ಆದೇಶ, ಕೂರಿಸಿದ ಹರಳು

ಬಹಳ ವರ್ಷಗಳ ಹಿಂದೆ, ನಾನು ಪತ್ರಿಕಾ ಕಚೇರಿಯೊಂದರಲ್ಲಿ ಇಂಗ್ಲಿಷಿನಲ್ಲಿ ಬರುವ ಸುದ್ದಿಗಳನ್ನು ಕನ್ನಡಿಸುವ ಕೆಲಸದಲ್ಲಿದ್ದಾಗ, ಒಂದು ಮಧ್ಯಾಹ್ನ ಅರವತ್ತು ದಾಟಿದ ರೈತರೊಬ್ಬರು, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ ಪತ್ರಿಕೆಯ ತುಣುಕೊಂದನ್ನು ನನ್ನ ಮೇಜಿನ ಮೇಲೆ ಬಿಡಿಸಿ ಹರವಿ, ಅದರ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು, ‘ಪಕ್ಕಕ್ಕಿಟ್ಟವ್ರೆ ಅಂತ ಬರ್ದಿದ್ದೀರಲ್ಲ ಸ್ವಾಮಿ, ಮತ್ತೆ ಯಾವಾಗ ಎತ್ಕೊಳ್ತಾರೆ?’ ಎಂದು ಕೇಳಿದರು. ಅವರ ಊರಿನ ಹೊಲಗಳನ್ನು ಸ್ವಾಧೀನಪಡಿಸಿಕೊಳ್ಳಬೇಕೆಂದು ಹೊರಟಿದ್ದ ಆದೇಶವೊಂದನ್ನು ಉಚ್ಚ ನ್ಯಾಯಾಲಯವು ‘ಸೆಟ್ ಅಸೈಡ್’ ಮಾಡಿತ್ತು; ಎಂದರೆ ರದ್ದುಪಡಿಸಿತ್ತು. ಅದನ್ನು ಕನ್ನಡಿಸಿದ ನಾನು, ‘ಸೆಟ್’ ಎಂದರೆ ಇಡು, ‘ಅಸೈಡ್’ ಎಂದರೆ ಪಕ್ಕಕ್ಕೆ, ಎಂಬ ಶಾಲೆಯ ಪಾಠವನ್ನೇ ನೆಚ್ಚಿ, ನ್ಯಾಯಾಲಯವು ಆದೇಶವನ್ನು ಪಕ್ಕಕ್ಕಿರಿಸಿದೆ ಎಂದು ಬರೆದಿದ್ದೆ. ಪಕ್ಕಕ್ಕಿಟ್ಟ ವಸ್ತುವನ್ನು ಎಂದಾದರೊಂದು ದಿನ ಮರಳಿ ಕೈಗೆತ್ತಿಕೊಳ್ಳುವರೆಂಬುದು ಕನ್ನಡದಲ್ಲಿ ಬಾಳುವ ಯಾರಿಗೂ ಸಹಜವಾಗಿ ತೋರುವ ಅರ್ಥ. ಆದುದರಿಂದ ಗೆದ್ದಿದ್ದ ವ್ಯಾಜ್ಯವನ್ನು ಇನ್ನೂ ತೂಗುತ್ತಿರುವ ಕತ್ತಿಯೆಂದು ಭಾವಿಸಿ, ಅವರೂ ಅವರ ಊರಿನವರೂ ಹನ್ನೊಂದು ದಿನ ನೆಮ್ಮದಿಯಿಲ್ಲದೆ ಕಳೆದಿದ್ದರು. ಮರುದಿನ ತಿದ್ದುಪಡಿಯೇನೋ ಅಚ್ಚಾಯಿತು. ಆದರೆ ಹನ್ನೊಂದು ದಿನಗಳ ಆ ಕಳವಳವನ್ನು ತಿದ್ದುವ ಉಪಾಯ ನನ್ನಲ್ಲಿರಲಿಲ್ಲ.

ಅದೇ ದಿನದ ಪತ್ರಿಕೆಯಲ್ಲಿ, ಅದೇ ಪುಟದಲ್ಲಿ, ಕೆರೆಗಳ ದುರಸ್ತಿಗಾಗಿ ಸರ್ಕಾರವು ಹಣವನ್ನು ‘ಸೆಟ್ ಅಸೈಡ್’ ಮಾಡಿದ ಸುದ್ದಿಯೂ ಇತ್ತು. ಅಲ್ಲಿ ‘ಮೀಸಲಿರಿಸಿದೆ’ ಎಂದು ಸರಿಯಾಗಿಯೇ ಬರೆದಿದ್ದೆ. ಅವೇ ಎರಡು ಪದಗಳು ಒಂದೆಡೆ ಕಾಪಾಡಿ ಇಡುವುದನ್ನೂ, ಇನ್ನೊಂದೆಡೆ ಇಲ್ಲವಾಗಿಸುವುದನ್ನೂ ಸೂಚಿಸುತ್ತವೆ. ಮತ್ತು ಯಾವುದು ಯಾವುದೆಂಬುದನ್ನು ಆ ಪದಗಳಲ್ಲ, ಅವುಗಳ ನೆರೆಯಲ್ಲಿ ಕುಳಿತ ಹಣ, ಆದೇಶ ಎಂಬ ಪದಗಳು ತಿಳಿಸುತ್ತವೆ. ದೊಡ್ಡ ಪದಗಳು ಅನುವಾದಕನನ್ನು ಎಚ್ಚರಗೊಳಿಸುತ್ತವೆ, ಅವನು ನಿಘಂಟನ್ನು ತೆರೆಯುತ್ತಾನೆ. ಚಿಕ್ಕ ಪದಗಳು ಪರಿಚಿತರ ವೇಷದಲ್ಲಿ ಬರುವುದರಿಂದ ಅವನು ಬಾಗಿಲಲ್ಲಿ ತಡೆದು ವಿಚಾರಿಸುವುದೇ ಇಲ್ಲ. ಅಂದಿನಿಂದ ರೋಮನ್ ಲಿಪಿಯ ಮೂರೇ ಅಕ್ಷರಗಳ ಈ ‘ಸೆಟ್’ ಎಂಬ ಪದವನ್ನು ನಾನು ಗೌರವದಿಂದಲೂ ಸ್ವಲ್ಪ ಭಯದಿಂದಲೂ ಕಾಣುತ್ತ ಬಂದಿದ್ದೇನೆ.

ಗೌರವಕ್ಕೆ ಕಾರಣವಿದೆ. 1989ರಲ್ಲಿ 20 ಸಂಪುಟಗಳಾಗಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ದೀರ್ಘವಾದ ವಿವರಣೆ ದೊರೆತದ್ದು ತತ್ತ್ವಶಾಸ್ತ್ರದ ಯಾವ ಗಹನ ಶಬ್ದಕ್ಕೂ ಅಲ್ಲ, ಈ ‘ಸೆಟ್’ ಎಂಬ ಕ್ರಿಯಾಪದಕ್ಕೆ. ಬರಿಯ ಕ್ರಿಯಾಪದಕ್ಕೇ ಸುಮಾರು 430 ಅರ್ಥಗಳು. ನುಡಿಗಟ್ಟುಗಳನ್ನೂ ಕೂಡಿಸಿದರೆ ಇನ್ನೂ ನೂರೈವತ್ತರಷ್ಟು ಹೆಚ್ಚು. ವಿವರಣೆಯ ಒಟ್ಟು ವಿಸ್ತಾರ ಸುಮಾರು 60,000 ಪದಗಳು, ಎಂದರೆ ಒಂದು ಪುಟ್ಟ ಪದಕ್ಕೆ ಒಂದು ಇಡೀ ಕಾದಂಬರಿಯಷ್ಟು ಜಾಗ. ಮೂರನೆಯ ಆವೃತ್ತಿಗಾಗಿ ಪರಿಷ್ಕರಣ ನಡೆಯುತ್ತ ಬಂದಂತೆ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’, 2011ರಲ್ಲಿ 645 ಅರ್ಥಗಳೊಡನೆ ‘ರನ್’, ಹೀಗೆ ಒಂದೊಂದಾಗಿ ಅದನ್ನು ಹಿಂದಿಕ್ಕಿದುವು. ಇವೆಲ್ಲವೂ ಮಗುವು ಮೊದಲ ತರಗತಿಯಲ್ಲೇ ಕಲಿಯುವ ಮಾತುಗಳೆಂಬುದನ್ನು ಗಮನಿಸಬೇಕು.

ಆ ನಿಘಂಟಿನ ಮೊದಲ ಆವೃತ್ತಿಯ ಕಥೆಯೇ ತಾಳ್ಮೆಯ ಪುರಾಣ. ಜೇಮ್ಸ್ ಮರ್ರೆ 1879ರಲ್ಲಿ ಸಂಪಾದಕತ್ವವನ್ನು ವಹಿಸಿಕೊಂಡು, ಮನೆಯ ಅಂಗಳದಲ್ಲಿ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, ನಾನಾ ದೇಶಗಳ ಓದುಗರು ಸ್ವಯಂಪ್ರೇರಣೆಯಿಂದ ಬರೆದು ಕಳುಹಿಸಿದ ಚೀಟಿಗಳನ್ನು ಗೂಡುಗೂಡುಗಳಲ್ಲಿ ವಿಂಗಡಿಸುತ್ತ, 1884ರಲ್ಲಿ ಮೊದಲ ಕಂತನ್ನು ಹೊರತಂದರು. 1915ರಲ್ಲಿ ಅವರು ತೀರಿಕೊಂಡಾಗ ಕೆಲಸ ಮುಗಿದಿರಲಿಲ್ಲ, ಮುಗಿದದ್ದು 1928ರಲ್ಲಿ. ‘ಎಸ್’ ಅಕ್ಷರದ ಮೊದಲ ಭಾಗ, ತನ್ಮೂಲಕ ಈ ‘ಸೆಟ್’, ಹೆನ್ರಿ ಬ್ರಾಡ್ಲಿ ಎಂಬ ವಿದ್ವಾಂಸರ ಪಾಲಿಗೆ ಬಂದಿತ್ತು. ಬ್ರಾಡ್ಲಿಯವರು ವಿಶ್ವವಿದ್ಯಾಲಯದಲ್ಲಿ ಕಲಿತವರಲ್ಲ. ಶೆಫೀಲ್ಡ್ ನಗರದಲ್ಲಿ ಚೂರಿ ಕತ್ತರಿಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಸುಮಾರು ಇಪ್ಪತ್ತು ವರ್ಷ ಗುಮಾಸ್ತರಾಗಿ ಪತ್ರವ್ಯವಹಾರ ನೋಡಿಕೊಳ್ಳುತ್ತ, ತಮ್ಮಷ್ಟಕ್ಕೆ ತಾವೇ ಹಲವು ಭಾಷೆಗಳನ್ನು ಸಾಧಿಸಿಕೊಂಡವರು. ಕಸುಬಿನವರ ನಡುವೆ ಅಷ್ಟು ಕಾಲ ದುಡಿದ ಒಬ್ಬರ ಕೈಗೆ ಈ ಪದ ಬಂದುದು ನನಗೆ ಅತ್ಯಂತ ಉಚಿತವೆಂದು ತೋರುತ್ತದೆ. ಏತಕ್ಕೆಂದರೆ ‘ಸೆಟ್’ ತನ್ನ ಸಂಪತ್ತನ್ನೆಲ್ಲ ಗಳಿಸಿದ್ದು ಪಂಡಿತರಿಂದಲ್ಲ, ಕಸುಬಿನವರಿಂದ.

ಪದದ ಬೇರನ್ನು ಸ್ವಲ್ಪ ಅಗೆದು ನೋಡೋಣ. ‘ಸೆಟ್’ ಎಂಬುದು ‘ಸಿಟ್’, ಎಂದರೆ ಕೂರು, ಎಂಬ ಧಾತುವಿನ ಪ್ರೇರಣಾರ್ಥಕ ರೂಪ; ಬೀಳುವುದಕ್ಕೆ ‘ಫಾಲ್’, ಮರವನ್ನು ಕಡಿದು ಬೀಳಿಸುವುದಕ್ಕೆ ‘ಫೆಲ್’, ಒರಗುವುದಕ್ಕೆ ‘ಲೈ’, ಒರಗಿಸುವುದಕ್ಕೆ ‘ಲೇ’ ಎಂದು ಸ್ವರವನ್ನು ಬದಲಿಸಿ ಪ್ರೇರಣೆಯನ್ನು ಸೂಚಿಸುವ ಹಳೆಯ ಕ್ರಮವೊಂದು ಆ ಭಾಷೆಯಲ್ಲಿತ್ತು, ಅದರ ಅವಶೇಷಗಳಲ್ಲಿ ಇದೂ ಒಂದು. ಕನ್ನಡವು ಇದೇ ಕೆಲಸವನ್ನು ‘ಇಸು’ ಪ್ರತ್ಯಯದಿಂದ ಮಾಡುತ್ತದೆ: ಕೂರು, ಕೂರಿಸು. ಹೀಗಾಗಿ, ಯಾರಾದರೂ ‘ಸೆಟ್’ ಎಂಬುದಕ್ಕೆ ಒಂದೇ ಒಂದು ಕನ್ನಡ ಪದವನ್ನು ಕೊಡಬೇಕೆಂದು ಹಠ ಹಿಡಿದರೆ, ನಾನು ‘ಇಡು’ ಎನ್ನಲಾರೆ, ‘ಕೂರಿಸು’ ಎನ್ನುವೆನು. ಇನ್ನೂ ಆಳಕ್ಕೆ ಹೋದರೆ, ಈ ‘ಸಿಟ್’ ಮತ್ತು ಸಂಸ್ಕೃತದ ‘ಸದ್’ ಧಾತು ಒಂದೇ ತಾಯಿಬೇರಿನ ಚಿಗುರುಗಳು. ಗುರುವಿನ ಬಳಿ ಕೂರುವ ‘ಉಪನಿಷತ್ತು’, ಸುತ್ತಲೂ ಕೂರುವ ‘ಪರಿಷತ್ತು’, ಜೊತೆಗೂಡಿ ಕೂರುವ ‘ಸಂಸತ್ತು’, ‘ಸದನ’, ‘ಸದಸ್ಯ’ ಇವೆಲ್ಲವೂ ‘ಸೆಟ್’ ಪದದ ದಾಯಾದಿಗಳು. ಆದರೆ ಹಲವು ವಸ್ತುಗಳ ಸಮೂಹವೆಂಬ ಅರ್ಥದ ನಾಮಪದ ‘ಸೆಟ್’ ಇದೆಯಲ್ಲ, ಅದು ಬಹುಮಟ್ಟಿಗೆ ಬೇರೊಂದು ಮನೆಯಿಂದ ಬಂದ ಪದ. ಲ್ಯಾಟಿನ್ನಿನ ‘ಸೆಕ್ಟ’, ಎಂದರೆ ಅನುಯಾಯಿವರ್ಗ, ಎಂಬುದು ಹಳೆಯ ಫ್ರೆಂಚಿನ ಮಾರ್ಗವಾಗಿ ಸವೆದು ಬಂದು, ರೂಪಸಾಮ್ಯದಿಂದ ಕ್ರಿಯಾಪದದ ಮನೆಯೊಳಗೆ ಸೇರಿಕೊಂಡಿತು. ಅನುಸರಿಸುವುದೆಂಬ ಅರ್ಥದ ಆ ಲ್ಯಾಟಿನ್ ಧಾತುವಿಗೆ ಸಂಸ್ಕೃತದಲ್ಲಿ ಸಂವಾದಿಯಾದುದು ‘ಸಚ್’. ಅದರಿಂದ ಬಂದುದು, ಜೊತೆಯಲ್ಲಿ ನಡೆಯುವವನೆಂಬ ಅರ್ಥದ ‘ಸಚಿವ’. ಸದನ, ಸಚಿವ ಎಂಬ ಎರಡು ಪದಗಳನ್ನು ನಾವು ದಿನವೂ ಒಂದೇ ವಾಕ್ಯದಲ್ಲಿ ಬಳಸುತ್ತೇವೆ. ಅವುಗಳ ದೂರದ ಇಬ್ಬರು ನಂಟರು ಸಾವಿರಾರು ಮೈಲಿಗಳಾಚೆ ‘ಸೆಟ್’ ಎಂಬ ಒಂದೇ ಹೆಸರಿನಲ್ಲಿ ಒಂದೇ ಸೂರಿನಡಿ ಬಾಳುತ್ತಿದ್ದಾರೆಂಬುದನ್ನು ನೆನೆದಾಗ, ಭಾಷೆಗಳ ಚರಿತ್ರೆಯನ್ನು ಓದುವ ಶ್ರಮವೆಲ್ಲ ಸಾರ್ಥಕವೆನಿಸುತ್ತದೆ.

ಸೂರ್ಯನ ವಿಷಯದಲ್ಲಿಯೂ ಇದೇ ಬಗೆಯ ಬೆರಗು ಕಾದಿದೆ. ಇಂಗ್ಲಿಷಿನಲ್ಲಿ ಸೂರ್ಯನು ‘ಸೆಟ್’ ಆಗುತ್ತಾನೆ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕಿದ್ದ ‘ಸೆಟ್ಲ್‌ಗಾಂಗ್’ ಎಂಬ ಪದಕ್ಕೆ ಪೀಠಕ್ಕೆ ತೆರಳುವುದೆಂದು ಅರ್ಥ. ದಿನದ ಯಾತ್ರೆಯನ್ನು ಮುಗಿಸಿದ ಸೂರ್ಯನು ಅವರಿಗೆ ತನ್ನ ಆಸನದಲ್ಲಿ ಹೋಗಿ ಕೂರುವವನು. ಸಂಸ್ಕೃತದಲ್ಲಿ ‘ಅಸ್ತ’ ಎಂದರೆ ವೇದಕಾಲದಲ್ಲಿ ಮನೆ. ಅಸ್ತಕ್ಕೆ ಹೋಗುವುದೆಂದರೆ ಮನೆಗೆ ಹೋಗುವುದು. ಕನ್ನಡದಲ್ಲಿ ‘ಪಡು’ ಎಂದರೆ ಮಲಗು, ಒರಗು. ಸೂರ್ಯನು ಪಡುವ ದಿಕ್ಕೇ ಪಡುವಣ, ಆ ದಿಕ್ಕಿನ ಕಡಲೇ ಪಡುಗಡಲು. ಒಬ್ಬರ ಸೂರ್ಯ ಕೂರುತ್ತಾನೆ, ಒಬ್ಬರ ಸೂರ್ಯ ಮನೆ ಸೇರುತ್ತಾನೆ, ನಮ್ಮ ಸೂರ್ಯ ಮಲಗುತ್ತಾನೆ. ಶಾಲೆಯಲ್ಲಿ ‘ಸನ್‌ಸೆಟ್ ಎಂದರೆ ಸೂರ್ಯಾಸ್ತ’ ಎಂದು ಒಂದು ಸಾಲಿನಲ್ಲಿ ಉರುಹೊಡೆಸಿ ಮುಂದೆ ಸಾಗುವಾಗ, ಮೂರು ಜನಾಂಗಗಳು ಒಂದೇ ಸಂಜೆಯನ್ನು ಕಂಡ ಮೂರು ಬಗೆಯ ನೋಟಗಳನ್ನು ಮಕ್ಕಳಿಂದ ನಾವು ಮರೆಮಾಡುತ್ತೇವೆ.

ಕೂರಿಸುವುದೆಂಬ ಈ ಒಂದು ಮೂಲಾರ್ಥವನ್ನು ಇಂಗ್ಲಿಷ್ ಕಸುಬಿನವರು ಹೇಗೆ ಹೇಗೆ ದುಡಿಸಿಕೊಂಡರೆಂಬುದನ್ನು ಕಾಣಲು ನಿಘಂಟಿಗಿಂತ ಅಂಗಡಿ ಬೀದಿಯೇ ಒಳ್ಳೆಯ ಪಾಠಶಾಲೆ. ಕೀಲು ತಪ್ಪಿದ ಮೂಳೆಯನ್ನು ವೈದ್ಯನು ‘ಸೆಟ್’ ಮಾಡುತ್ತಾನೆ. ನಮ್ಮಲ್ಲಿಯೂ ಮೂಳೆ ಕೂರಿಸುತ್ತಾರೆ. ಮುದ್ರಣಾಲಯದಲ್ಲಿ ಅಚ್ಚುಮೊಳೆಗಳನ್ನು, ರಂಗಭೂಮಿಯಲ್ಲಿ ಪರದೆ ಪರಿಕರಗಳನ್ನು, ಬೇಟೆಗಾರನು ಬೋನನ್ನು, ಗಾಯಕನು ಕವಿತೆಯನ್ನು ರಾಗಕ್ಕೆ, ಅಧ್ಯಾಪಕನು ಪ್ರಶ್ನೆಪತ್ರಿಕೆಯನ್ನು ‘ಸೆಟ್’ ಮಾಡುತ್ತಾನೆ. ಕನ್ನಡದಲ್ಲಿ ಮೊಳೆ ಜೋಡಿಸುತ್ತೇವೆ, ರಂಗಸಜ್ಜಿಕೆ ಅಣಿಗೊಳಿಸುತ್ತೇವೆ, ಬೋನು ಒಡ್ಡುತ್ತೇವೆ, ರಾಗ ಹಾಕುತ್ತೇವೆ, ಪ್ರಶ್ನೆಪತ್ರಿಕೆ ತೆಗೆಯುತ್ತೇವೆ. ಮಳೆಗಾಲ ‘ಸೆಟ್ ಇನ್’ ಆದರೆ ನಮ್ಮಲ್ಲಿ ಮಳೆ ಹಿಡಿಯುತ್ತದೆ. ಹಾಲು ‘ಸೆಟ್’ ಆದರೆ ಹೆಪ್ಪುಗಟ್ಟುತ್ತದೆ.

ಅಕ್ಕಸಾಲಿಯ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನನ್ನ ತಾಯಿಯ ಓಲೆಯಿಂದ ಉದುರಿದ ಕೆಂಪುಹರಳೊಂದನ್ನು ಮರಳಿ ಕೂರಿಸಿಕೊಡಲು ಕೊಟ್ಟಾಗ, ಆ ವೃದ್ಧ ಅಕ್ಕಸಾಲಿಗಳು ಕೆಲಸ ಮಾಡಿದ ರೀತಿ ಇಂದಿಗೂ ಕಣ್ಣಿನಲ್ಲಿದೆ: ಓಲೆಯನ್ನು ಅರಗಿನ ಮೇಲೆ ಊರಿ, ಹರಳಿನ ಹಳ್ಳವನ್ನು ಕೆರೆದು ಶುಚಿಮಾಡಿ, ಹರಳನ್ನಿಟ್ಟು, ಅದರ ಸುತ್ತ ಮೆತ್ತನೆಯ ಅಪರಂಜಿಯ ತಗಡನ್ನು, ಅವರು ಕುಂದಣವೆಂದು ಕರೆಯುತ್ತಿದ್ದುದನ್ನು, ಮೊಂಡು ಉಳಿಯಿಂದ ಒತ್ತುತ್ತ ಒತ್ತುತ್ತ, ನಡುನಡುವೆ ಹರಳನ್ನು ಉಗುರಿನಿಂದ ಮೀಟಿ ಅಲುಗುವುದೋ ಎಂದು ಪರೀಕ್ಷಿಸುತ್ತ, ಕೊನೆಗೊಮ್ಮೆ ‘ಕೂತ್ಕೊಂಡಿತು’ ಎಂದರು. ಹರಳು ಕೂತಿತೆಂದರೆ ಇನ್ನು ಅಲುಗದು ಎಂದರ್ಥ. ಇಂಗ್ಲಿಷಿನಲ್ಲಿ ‘ಸೆಟ್’ ಎಂಬುದಕ್ಕೆ ನಿಶ್ಚಿತ, ಬದಲಾಗದ, ಎಂಬ ಅರ್ಥಗಳು ಬಂದದ್ದು ಈ ಬಗೆಯ ಅನುಭವಗಳಿಂದಲೇ. ‘ಸೆಟ್ ಟೈಮ್’ ಎಂದರೆ ಗೊತ್ತುಪಡಿಸಿದ ವೇಳೆ, ‘ಸೆಟ್ ಒಪೀನಿಯನ್’ ಎಂದರೆ ಅಲುಗದ ಅಭಿಪ್ರಾಯ. ಈಗ ನಮ್ಮ ‘ಖಚಿತ’ ಎಂಬ ಪದವನ್ನು ನೋಡಿ. ರತ್ನಖಚಿತ ಸಿಂಹಾಸನ ಎಂಬಲ್ಲಿ ಅದಕ್ಕೆ ಕೂರಿಸಿದ, ಕೆತ್ತಿದ ಎಂಬುದೇ ಅರ್ಥ. ಆದರೆ ‘ಖಚಿತವಾಗಿ ಬರುತ್ತೇನೆ’ ಎಂದು ನಾವು ಹೇಳುವಾಗ ಅಲ್ಲಿ ರತ್ನವೂ ಇಲ್ಲ, ಸಿಂಹಾಸನವೂ ಇಲ್ಲ, ಅಲುಗದಿರುವಿಕೆಯೊಂದು ಮಾತ್ರ ಉಳಿದಿದೆ. ಅಕ್ಕಸಾಲಿಯ ಒಂದೇ ಕೆಲಸ ಎರಡು ದೂರದ ಭಾಷೆಗಳಲ್ಲಿ, ಒಂದನ್ನೊಂದು ಕೇಳದೆ, ನಿಶ್ಚಯವೆಂಬ ಒಂದೇ ಅರ್ಥಕ್ಕೆ ದಾರಿ ತೆರೆದಿದೆ.

ಇದೇ ರೀತಿ ಗಾರೆಯವರ ‘ಸೆಟ್’. ಸಿಮೆಂಟು ‘ಸೆಟ್’ ಆಗುವುದೂ ಅದು ಗಟ್ಟಿಯಾಗುವುದೂ ಒಂದೇ ಎಂದು ಬಹುಜನರ ಭಾವನೆ. ತಿಳಿದವರಿಗೆ ಅವು ಎರಡು. ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟು ನೀರು ಬಿದ್ದ 30 ನಿಮಿಷದೊಳಗೆ ಬಿಗಿಯಲಾರಂಭಿಸಕೂಡದು, 600 ನಿಮಿಷದೊಳಗೆ ಬಿಗಿದು ಮುಗಿಯಬೇಕು ಎಂಬುದು ನಮ್ಮ ದೇಶದ ಮಾನಕ. ಆದರೆ ಅದರ ಬಲವನ್ನು ಅಳೆಯುವುದು 28ನೆಯ ದಿನ. ಬಿಗಿಯುವುದೆಂದರೆ ಆಕಾರ ನಿಲ್ಲುವುದು, ಗಟ್ಟಿಯಾಗುವುದೆಂದರೆ ಭಾರ ಹೊರುವುದು. ಈ ವ್ಯತ್ಯಾಸವನ್ನು ಅರಿಯದೆ, ‘ಸೆಟ್ ಆಗಿದೆ’ ಎಂಬ ಮಾತನ್ನು ನಂಬಿ ಮರುದಿನವೇ ಆಧಾರವನ್ನು ತೆಗೆದುಬಿಟ್ಟರೆ ಸೂರೇ ಕುಸಿದೀತು. ಒಂದು ಪದದ ಛಾಯೆಯಲ್ಲಿ ಜೀವ ಮರಣಗಳ ವ್ಯತ್ಯಾಸವಿರುತ್ತದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಡ.

ಕನ್ನಡಕ್ಕೂ ‘ಸೆಟ್’ ಬಂದು ಬಹುಕಾಲವಾಯಿತು, ಮತ್ತು ಅದು ಬಂದುದಕ್ಕೆ ನನಗೆ ಲವಲೇಶವೂ ಬೇಸರವಿಲ್ಲ. ಮೆತ್ತಗೆ, ಜೊತೆಜೊತೆಯಾಗಿ, ಸಾಗುವಿನೊಡನೆ ತಟ್ಟೆಗೆ ಬರುವ ಸೆಟ್‌ದೋಸೆಗೆ ಬೇರೆ ಹೆಸರಿಟ್ಟರೆ ಅದರ ರುಚಿಯೇ ಕೆಡುತ್ತದೆ. ಮೋಟಾರು, ಪಂಪು ಎರಡೂ ಕೂಡಿದ ಪಂಪ್‌ಸೆಟ್ಟು ರೈತನ ಬಾಯಲ್ಲಿ ನೇಗಿಲು, ನೊಗಗಳಷ್ಟೇ ಸಲೀಸು. ಜಾತ್ರೆಯ ಮೈಕ್‌ಸೆಟ್ಟು, ಮದುವೆಯ ಓಲೆ ಸರಗಳ ಸೆಟ್ಟು, ಅಜ್ಜನ ಹಲ್ಲುಸೆಟ್ಟು, ಇವೆಲ್ಲವೂ ಕನ್ನಡದ ‘ಉ’ಕಾರವನ್ನು ತೊಟ್ಟು ನಮ್ಮವಾಗಿವೆ. ಗಣಿತದಲ್ಲಿ ಗೆಯಾರ್ಗ್ ಕ್ಯಾಂಟರ್ 1870ರ ದಶಕದಲ್ಲಿ ಜರ್ಮನ್ ಭಾಷೆಯಲ್ಲಿ ಆರಂಭಿಸಿದ ಸಿದ್ಧಾಂತಕ್ಕೆ ಇಂಗ್ಲಿಷರು ‘ಸೆಟ್’ ಎಂಬ ಪದವನ್ನು ಆರಿಸಿಕೊಂಡರೆ, ನಮ್ಮ ಪಠ್ಯಪುಸ್ತಕಗಳು ‘ಗಣ’ ಎಂಬ ಸೊಗಸಾದ ಪದವನ್ನು ಆರಿಸಿಕೊಂಡುವು. ಶಿವನ ಗಣ, ಛಂದಸ್ಸಿನ ಗಣ, ಗಣಿತದ ಗಣ, ಮೂರಕ್ಕೂ ಅದು ಒದಗಿತು. ಗಣಗಳಿಗೆ ಪತಿಯಾದವನನ್ನು ಭಾದ್ರಪದದ ಚೌತಿಯಂದು ನಾವು ಮನೆಯಲ್ಲಿ ಕೂರಿಸುತ್ತೇವಲ್ಲವೆ? ‘ಸೆಟ್’ ಪದದ ಎರಡು ಕವಲುಗಳೂ ಆ ಒಂದು ವಾಕ್ಯದಲ್ಲಿ ಅಚ್ಚಗನ್ನಡದ ರೂಢಿಯಾಗಿ ಸೇರಿಕೊಂಡಿವೆ.

ನನ್ನ ಚಿಂತೆಯಿರುವುದು ನಾಮಪದದ ಬಗೆಗಲ್ಲ, ‘ಸೆಟ್ ಮಾಡು’, ‘ಸೆಟ್ ಆಗು’ ಎಂಬ ಜೋಡಿಕ್ರಿಯೆಗಳ ಬಗೆಗೆ. ಗಡಿಯಾರ ಸೆಟ್ ಮಾಡು, ಕೂದಲು ಸೆಟ್ ಮಾಡು, ಕೋಣೆ ಸೆಟ್ ಮಾಡು, ಮೊಸರು ಸೆಟ್ ಆಯ್ತು, ಹೊಸ ಊರು ಸೆಟ್ ಆಯ್ತು, ಸೊಸೆ ಮನೆಗೆ ಸೆಟ್ ಆದಳು, ಬಾಗಿಲು ಸೆಟ್ ಆಗ್ತಿಲ್ಲ, ಹೀಗೆ ಎಲ್ಲ ಕೆಲಸಗಳಿಗೂ ಒಂದೇ ಕೀಲಿಕೈ. ಇಂಗ್ಲಿಷಿನ ‘ಸೆಟ್’ಗೆ 430 ಅರ್ಥಗಳಿದ್ದರೂ ಅಲ್ಲಿ ಪ್ರತಿಯೊಂದು ಅರ್ಥವೂ ತನ್ನ ನೆರೆಯ ಪದಗಳಿಂದ, ಹಿಂದೆ ಮುಂದೆ ಬರುವ ಅವ್ಯಯಗಳಿಂದ, ಕಸುಬಿನ ಸಂಪ್ರದಾಯದಿಂದ ಬೇರೆಬೇರೆಯಾಗಿ ಗುರುತಾಗುತ್ತದೆ: ‘ಸೆಟ್ ಔಟ್’ ಎಂದರೆ ಹೊರಟರು, ‘ಸೆಟ್ ಅಪ್’ ಎಂದರೆ ಸ್ಥಾಪಿಸಿದರು, ‘ಸೆಟ್ ಫ್ರೀ’ ಎಂದರೆ ಬಿಡುಗಡೆಗೊಳಿಸಿದರು. ನಾವು ಎರವಲು ತಂದದ್ದು ಆ ವೈವಿಧ್ಯವನ್ನಲ್ಲ, ಬರಿಯ ಆ ಧ್ವನಿಯನ್ನು. ತಂದು, ಅದಕ್ಕೆ ನಮ್ಮ ಅತ್ಯಂತ ನಿರ್ವಿಶೇಷವಾದ ‘ಮಾಡು’ ಎಂಬುದನ್ನು ಕಟ್ಟಿ, ಅದು ಹೋದಲ್ಲೆಲ್ಲ ಹೊಂದಿಸು, ಅಣಿಗೊಳಿಸು, ಒಪ್ಪವಾಗಿಡು, ಹೆಪ್ಪುಗಟ್ಟು, ಒಗ್ಗು, ಹೊಂದಿಕೊ, ಕೂರು ಎಂಬ ಮಾತುಗಳನ್ನು ತೆರವುಗೊಳಿಸಿದೆವು. ಹೊಸ ಊರಿಗೆ ಒಗ್ಗುವುದು ದೇಹದ ಮಾತು, ಮನೆಯವರೊಡನೆ ಹೊಂದಿಕೊಳ್ಳುವುದು ಮನಸ್ಸಿನ ಮಾತು, ಬಾಗಿಲು ಚೌಕಟ್ಟಿನಲ್ಲಿ ಕೂರುವುದು ಅಳತೆಯ ಮಾತು; ಮೂರನ್ನೂ ‘ಸೆಟ್ ಆಯ್ತು’ ಎಂದವನು ಹೇಳಿದ್ದೇನೆಂಬುದು ಅವನಿಗೇ ಪೂರ್ಣವಾಗಿ ತಿಳಿದಿರುವುದಿಲ್ಲ. ನೀರಿನ ಹದ, ಹವೆಯ ಹದ, ಮನಸ್ಸಿನ ಹದ ಎಂದು ಹದದಲ್ಲಿಯೂ ಭೇದವನ್ನು ಗುರುತಿಸುತ್ತಿದ್ದ ಜನ ನಾವು.

ಬೇರೆ ಭಾಷೆಯ ಚಿಕ್ಕ ಕ್ರಿಯಾಪದವೊಂದರ ಐಶ್ವರ್ಯವನ್ನು ಕಂಡು ಬೆರಗಾಗುವವರು ತಮ್ಮ ಮನೆಯ ‘ಕಟ್ಟು’ ಎಂಬುದನ್ನು ಒಮ್ಮೆ ಎಣಿಸಿ ನೋಡಬೇಕು. ಹೂವು ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಹಸುವನ್ನು ಗೂಟಕ್ಕೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಕಂದಾಯ ಕಟ್ಟುತ್ತೇವೆ, ವೇಷ ಕಟ್ಟುತ್ತೇವೆ, ಕಥೆ ಕಟ್ಟುತ್ತೇವೆ, ಬಾಜಿ ಕಟ್ಟುತ್ತೇವೆ, ಮೋಡ ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ತೆನೆಯಲ್ಲಿ ಕಾಳು ಕಟ್ಟುತ್ತದೆ, ಗಾಯದಲ್ಲಿ ಕೀವು ಕಟ್ಟುತ್ತದೆ, ರೂಪ ಕಣ್ಣಿಗೆ ಕಟ್ಟುತ್ತದೆ, ಮಡುಗಟ್ಟು, ಹರಳುಗಟ್ಟು, ಸಾಲುಗಟ್ಟು, ಕೆನೆಗಟ್ಟು ಎಂದು ಸಮಾಸದಲ್ಲಿ ‘ಗ’ಕಾರವನ್ನು ತಳೆದು ಇನ್ನೆಷ್ಟೋ, ಬೇಳೆಯನ್ನು ಬೇಯಿಸಿ ಬಸಿದ ನೀರೂ ಕಟ್ಟೇ. ಇಂಥ ಪದವೊಂದನ್ನು ಬೇರೆ ದೇಶದ ವಿದ್ಯಾರ್ಥಿಗೆ ‘ಕಟ್ಟು ಎಂದರೆ ಟೈ’ ಎಂದು ಕಲಿಸಿ ಕಳುಹಿಸಿದರೆ, ಮೋಡವನ್ನು ಹಗ್ಗದಿಂದ ಬಿಗಿದವರು ಯಾರೆಂದು ಅವನು ಕೇಳಿದರೆ ತಪ್ಪು ಅವನದಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ಕನ್ನಡದ ಧಾತುಗಳಿಗೆಂದು ಪ್ರತ್ಯೇಕ ಪಾಠವನ್ನು ಸಿದ್ಧಪಡಿಸಿದ್ದನು. ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಇಂಥ ಧಾತುಗಳಿಗೆ ಗಾದೆಗಳನ್ನೂ ಬಳಕೆಗಳನ್ನೂ ಪೋಣಿಸಿ ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು, ಜಿ. ವೆಂಕಟಸುಬ್ಬಯ್ಯನವರಂಥ ಹಿರಿಯರ ದೀರ್ಘ ದುಡಿಮೆಯಿಂದ, ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಆಯ್ದು ಪದಗಳ ಚರಿತ್ರೆಯನ್ನೇ ನಮ್ಮ ಮುಂದಿಟ್ಟಿತು. ಅಡಿಪಾಯ ಗಟ್ಟಿಯಾಗಿದೆ. ಅದರ ಮೇಲೆ ನಾವು ಎಬ್ಬಿಸಬೇಕಾದ ಗೋಡೆಗಳು ಮಾತ್ರ ತೀರ ಕಡಿಮೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಮಕ್ಕಳಿಗಾಗಿ ನಾವು ಅಚ್ಚುಹಾಕುವ ಇಂಗ್ಲಿಷ್–ಕನ್ನಡ ಕಿರುನಿಘಂಟುಗಳಲ್ಲಿ ದೊಡ್ಡ ದೊಡ್ಡ ಶಬ್ದಗಳಿಗೆ ಕೊಡುವ ಜಾಗವನ್ನು ಸ್ವಲ್ಪ ತಗ್ಗಿಸಿಯಾದರೂ ‘ಸೆಟ್’, ‘ಗೆಟ್’, ‘ಪುಟ್’, ‘ರನ್’, ‘ಟೇಕ್’ ಎಂಬ ಐದಾರು ಪದಗಳಿಗೆ ಎರಡೆರಡು ಪುಟಗಳನ್ನು ಮೀಸಲಿರಿಸಿ, ಪ್ರತಿಯೊಂದು ಅರ್ಥಕ್ಕೂ ಒಂದು ಪೂರ್ಣ ವಾಕ್ಯವನ್ನೂ, ಆ ವಾಕ್ಯಕ್ಕೆ ನಾವು ಆಡುವ ಕನ್ನಡದಲ್ಲಿ ಒದಗುವ ಕ್ರಿಯಾಪದವನ್ನೂ ಕೊಡಬೇಕು. ಇಂಗ್ಲಿಷ್ ಕಲಿಸುವ ಅಧ್ಯಾಪಕರು ಬಿಡಿಪದಕ್ಕೆ ಬಿಡಿಪದವನ್ನು ಹಲಗೆಯ ಮೇಲೆ ಬರೆಯುವುದನ್ನು ನಿಲ್ಲಿಸಿ, ‘ಏನನ್ನು ಸೆಟ್ ಮಾಡಿದರು?’ ಎಂದು ಮೊದಲು ಕೇಳಬೇಕು. ಹರಳನ್ನೇ, ಬೋನನ್ನೇ, ಮೂಳೆಯನ್ನೇ, ಆದೇಶವನ್ನೇ ಎಂದು ತಿಳಿದ ಮೇಲೆ ಕನ್ನಡದ ಮಾತು ತಾನಾಗಿಯೇ ನಾಲಗೆಗೆ ಬರುತ್ತದೆ. ಪತ್ರಿಕಾ ಕಚೇರಿಗಳಲ್ಲಿ, ನ್ಯಾಯಾಲಯದ ಸುದ್ದಿಗಳನ್ನು ಕನ್ನಡಿಸುವ ತರುಣರ ಮೇಜಿನ ಮೇಲೆ, ರದ್ದು, ತಡೆ, ಮೀಸಲು, ಮುಂದೂಡಿಕೆ ಇವುಗಳ ಭೇದವನ್ನು ತಿಳಿಸುವ ಒಂದು ಹಾಳೆಯಾದರೂ ಇರಬೇಕು; ಅಲ್ಲಿ ಒಂದು ಪದ ತಪ್ಪಿದರೆ ಆಚೆ ಎಲ್ಲಿಯೋ ಒಂದು ಊರು ನಿದ್ದೆಗೆಡುತ್ತದೆ. ಇದರ ಜೊತೆಗೆ ಅಕ್ಕಸಾಲಿ, ಬಡಗಿ, ಗಾರೆಯವರು, ಹೊಲಿಗೆಯವರು, ಅಚ್ಚುಮೊಳೆ ಜೋಡಿಸುತ್ತಿದ್ದವರು, ಇವರು ಬಳಸುವ ಕ್ರಿಯಾಪದಗಳನ್ನು ಅವರವರ ಅಂಗಡಿಗಳಲ್ಲಿ ಕುಳಿತೇ ಬರೆದುಕೊಳ್ಳಬೇಕು. ಮರ್ರೆಯವರಿಗೆ ಚೀಟಿ ಕಳುಹಿಸಿದವರಲ್ಲಿ ಬಹುಮಂದಿ ಸಾಧಾರಣ ಓದುಗರು. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳ ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದೊಂದು ಕಸುಬಿನಿಂದ ಹತ್ತು ಚೀಟಿಗಳನ್ನು ತಂದರೂ ಸಾಕು.

ಆ ರೈತರು ಬಂದು ಹೋದ ಮೇಲೆ ನಾನೂ ಒಂದು ಪುಸ್ತಕವನ್ನಿಟ್ಟುಕೊಂಡೆ. ಅದರಲ್ಲಿ ‘ಕೂರು’, ‘ಕೂರಿಸು’ ಎಂಬ ತಲೆಬರಹದ ಅಡಿಯಲ್ಲಿ ಗಣಪತಿ, ದಸರೆಯ ಗೊಂಬೆ, ಹರಳು, ಮೂಳೆ, ಬಾಗಿಲು, ಮನಸ್ಸಿನಲ್ಲಿ ಕೂತ ಮಾತು, ನೀರಿನಡಿ ಕೂತ ಕೆಸರು ಎಂದು ಸಾಲುಗಳು ಬೆಳೆಯುತ್ತ ಬಂದಿವೆ. ಕಳೆದ ತಿಂಗಳು ಹೊಸ ಅಂಗಿಯೊಂದನ್ನು ತರಲು ಹೊಲಿಗೆಯವರ ಬಳಿಗೆ ಹೋಗಿದ್ದೆ. ಹಿಂದಿನ ಸಲ ಎಡತೋಳು ಹಿಂದಕ್ಕೆ ಎಳೆಯುತ್ತಿತ್ತೆಂದು ಹೇಳಿದ್ದುದನ್ನು ಮರೆಯದೆ, ಅವರು ಅಂಗಿಯನ್ನು ನನಗೆ ತೊಡಿಸಿ, ಕೈಯನ್ನು ಎತ್ತಿ ಇಳಿಸಿ ನೋಡೆಂದು ಹೇಳಿ, ಹೊಲಿಗೆಯ ಗೆರೆಯ ಮೇಲೆ ಹೆಬ್ಬೆರಳನ್ನು ಓಡಿಸುತ್ತ, ‘ಈಗ ಭುಜ ಸರಿಯಾಗಿ ಕೂತಿದೆ, ನೋಡಿ’ ಎಂದರು. ಮೈಮೇಲೆ ಉಡುಪು ಒಪ್ಪವಾಗಿ ನಿಲ್ಲುವ ರೀತಿಗೆ ಇಂಗ್ಲಿಷಿನಲ್ಲಿಯೂ ‘ಸೆಟ್’ ಎನ್ನುವುದುಂಟು. ಅವರು ಅಂಗಿಯನ್ನು ಮಡಿಸಿ ಕಾಗದದಲ್ಲಿ ಸುತ್ತುವಷ್ಟರಲ್ಲಿ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡೆ.